ನಡುವಿನ ಕೋಲು

ಬಾಗಿಲನ್ನು ಹಾಗೆ ಎಳೆಯಬೇಡಿ.
ಮೊದಲು ಚೂರು ಮೇಲಕ್ಕೆತ್ತಿ, ಆಮೇಲೆ ನಿಮ್ಮ ಕಡೆಗೆ.
ಸಿಟ್ಟಿಗೆ ಬಗ್ಗುವ ಜಾತಿಯಲ್ಲ ಇದು.
ಬಣ್ಣ? ಕಾಗದದಲ್ಲಿ ಹಸಿರು ಅಂತಲೇ ಇದೆ.
ಮೂವತ್ತೊಂದು ಚಳಿಗಾಲ ಕಳೆದ ಮೇಲೆ
ನನ್ನ ಕೂದಲೂ ಪಾಸ್‌ಪೋರ್ಟಿನಲ್ಲಿದ್ದ ಹಾಗಿಲ್ಲ.

ನೀವು ಟಿಬಿಲಿಸಿಯವರು. ಫೋನಿನಲ್ಲಿ
ಸಾಹಸಕ್ಕೆ ಬೇಕು ಅಂದಿರಿ.
ಸಾಹಸ ನನಗೆ ಗೊತ್ತಿಲ್ಲ, ಹಿಟ್ಟು ಗೊತ್ತು.
ಐವತ್ತು ಕಿಲೋದ ನಾಲ್ಕು ಮೂಟೆ, ಗ್ಯಾಸ್ ಸಿಲಿಂಡರು,
ನೆತ್ತಿಯ ಮೇಲೆ ಹುಲ್ಲು,
ಹಿಂದಿನ ಸೀಟಿನಲ್ಲಿ ಪಕ್ಕದ ಮನೆ ಮಾಕ್ವಾಲಾಳ ಕರು.
ಮೆಸ್ತಿಯಾದ ದನದ ಡಾಕ್ಟರಲ್ಲಿಗೆ ಹೋಗುವಾಗ
ದಾರಿಯುದ್ದಕ್ಕೂ ನನ್ನ ಕಿವಿ ನೆಕ್ಕಿತು.
ಬರುವಾಗ ಸೀಟು ಖಾಲಿ.
ಆ ಕಲೆ ಅದರದ್ದೇ. ತೊಳೆದಿದ್ದೇನೆ, ಹೋಗಿಲ್ಲ.

ಇಲ್ಲಿ ನೋಡಿ, ಮೂರು ಕೋಲು.
ಉದ್ದದ್ದು ಎಲ್ಲ ಕಾರಿನಲ್ಲಿರುವಂಥ ಗೇರು.
ಗಿಡ್ಡವೆರಡರಲ್ಲಿ ಒಂದು ಬಲಕ್ಕೆ, ಒಂದು ಹಠಕ್ಕೆ.
ಬಲದ್ದನ್ನು ಎಳೆದರೆ
ಮರದ ದಿಮ್ಮಿ ಎಳೆಯುವ ಎತ್ತಿನ ನಡಿಗೆ:
ಅವಸರವಿಲ್ಲ, ನಿಲ್ಲುವುದೂ ಇಲ್ಲ.
ಹಠದ್ದನ್ನು ಎಳೆದರೆ
ಮುಂದಿನ ಜೋಡಿ ಜಾರಿದರೂ ಹಿಂದಿನದು ಕೈಬಿಡುವುದಿಲ್ಲ.
ಒಣನೆಲದಲ್ಲಿ ಮಾತ್ರ ಹಠ ಬೇಡ,
ಒಳಗಿನ ಹಲ್ಲು ಮುರಿಯುತ್ತದೆ.
ಇದನ್ನು ನನ್ನ ಗಂಡನಿಗೂ ಹೇಳಿ ನೋಡಿದ್ದೆ.

ಹೀಟರು ಜುಲೈನಲ್ಲಿ ಪಾದ ಬೇಯಿಸುತ್ತದೆ,
ಜನವರಿಯಲ್ಲಿ ಗಾಜು ಒಳಗಿನಿಂದಲೇ ಹೆಪ್ಪುಗಟ್ಟುತ್ತದೆ.
ಕೆರೆಯಲು ಒಂದು ಬ್ಯಾಂಕ್ ಕಾರ್ಡಿದೆ,
ಅದು ಬೇರಾವ ಕೆಲಸಕ್ಕೂ ಬಂದದ್ದಿಲ್ಲ.
ಕೊರೆಯುವ ರಾತ್ರಿ ಬ್ಯಾಟರಿ ಬಿಚ್ಚಿ ಒಲೆಯ ಪಕ್ಕ ಇಡಬೇಕು.
ಮಕ್ಕಳು ಚಿಕ್ಕವರಿದ್ದಾಗ
ಅದಕ್ಕೂ ಕಂಬಳಿ ಹೊದಿಸುತ್ತಿದ್ದರು.
ಪೆಟ್ರೋಲು ಎಷ್ಟು ಕುಡಿಯುತ್ತದೆ ಅಂತೀರಾ?
ಮದುವೆಮನೆಯಲ್ಲಿ ನಮ್ಮ ಬೇಝಾನ್ ಮಾವ ಕುಡಿದಷ್ಟು.

ಗಾಡಿ ನನ್ನದು, ಕೆಲಸ ಊರಿನದು.
ಹೆರಿಗೆ, ಹಲ್ಲುನೋವು, ಮುದುಕರ ಪಿಂಚಣಿ,
ಶಾಲೆಗೆ ಬಂದ ಹೊಸ ಮಾಸ್ತರರ ಪಿಯಾನೋ.
ಅದನ್ನು ಜಾರುಬಂಡಿಗೆ ಬಿಗಿದು ಹಿಂದೆ ಕಟ್ಟಿದ್ದೆ,
ಹಳ್ಳ ಬಂದಲ್ಲೆಲ್ಲ ತಾನೇ ನುಡಿಯುತ್ತಿತ್ತು.
ಮಂಜಿನೊಳಗೆ ಸದ್ದು ಕೇಳಿದವರು
ಬಾಗಿಲಲ್ಲೇ ನಿಂತು ಕೂಗುತ್ತಿದ್ದರು: ನೀವಾ?
ಕರೆದದ್ದು ನನ್ನನ್ನೋ, ಗಾಡಿಯ ಹೆಸರನ್ನೋ,
ಇಬ್ಬರೂ ಓಗೊಡುತ್ತಿದ್ದೆವು.

ಹೋದ ವರ್ಷ ಕಾಂಕ್ರೀಟು ಬಂತು.
ಈಗ ಬ್ರೆಡ್ಡಿನ ವ್ಯಾನು ಮನೆ ಮುಂದೆಯೇ ನಿಲ್ಲುತ್ತದೆ,
ಸೊಸೆಯಂದಿರು ಹೈ ಹೀಲ್ಡು ಹಾಕಿ ಬರುತ್ತಾರೆ.
ನಡುರಾತ್ರಿ ನನ್ನ ಕಿಟಕಿ ಯಾರೂ ತಟ್ಟುವುದಿಲ್ಲ.
ಒಳ್ಳೆಯದೇ, ನಿದ್ದೆ ಬರುತ್ತದೆ.
ಅಂದರೆ, ಬರಬೇಕು.
ಆದರೂ ತಿಂಗಳಿಗೊಮ್ಮೆ ಹೊಳೆಯ ಕೆಸರಿಗೆ ಒಯ್ದು
ಗಿಡ್ಡ ಕೋಲೆರಡನ್ನೂ ಎಳೆದು ಬರುತ್ತಿದ್ದೆ.
ಬಳಸದಿದ್ದರೆ ಬಿಗಿದುಕೊಳ್ಳುತ್ತವೆ ಎಂದಿದ್ದ ಮೆಕ್ಯಾನಿಕ್ ಗುರಾಮ್.
ಕೋಲಿನ ಮಾತು ಅವನು ಹೇಳಿದ್ದು.

ಎಣಿಸಿದೆ, ಸರಿಯಿದೆ. ತಗೊಳ್ಳಿ ಕೀಲಿ.

ಒಂದೇ ಸಲಕ್ಕೆ ಹೊತ್ತಿಕೊಂಡಿತು!
ಹೊರಗಿನವರೆದುರು ಮಾನ ಉಳಿಸಿತು.
ಗೇರು ಹಾಕಿದಿರಿ, ಕಾಲು ಒತ್ತಿದಿರಿ,
ಅಂಗಳದ ತುಂಬ ಹೊಗೆ, ಕೋಳಿಗಳು ಚೆಲ್ಲಾಪಿಲ್ಲಿ,
ಗಾಡಿ ಮಾತ್ರ ಇದ್ದಲ್ಲೇ.
ಇನ್ನೊಂದು ಗೇರು. ಇನ್ನೂ ಜೋರು ಗರ್ಜನೆ.
ಗಾಜಿನಾಚೆ ನಿಮ್ಮ ಮುಖ ನನ್ನತ್ತ ತಿರುಗಿದೆ.

ಬಲದ ಕೋಲು ನಡುವಿನಲ್ಲಿದೆ, ಅಷ್ಟೇ.
ಅತ್ತಲೂ ಅಲ್ಲ, ಇತ್ತಲೂ ಅಲ್ಲ.
ಎಂಜಿನ್ ಎಷ್ಟು ಕೂಗಿದರೂ ಗಾಲಿಗೆ ಕೇಳಿಸುವುದಿಲ್ಲ.
ಕದ್ದವನು ಅಂಗಳ ದಾಟದಿರಲೆಂದು
ಮೂವತ್ತೊಂದು ವರ್ಷ ದಿನಾ ರಾತ್ರಿ
ಹಾಗೇ ಬಿಟ್ಟು ಇಳಿದವಳು ನಾನು.
ನಿನ್ನೆ ರಾತ್ರಿಯೂ.

ಹೇಳುತ್ತೇನೆ, ಇರಿ. ಬರುತ್ತಿದ್ದೇನೆ.
ಮಂಡಿ ನೋವು, ಮೆಟ್ಟಿಲು ನಾಲ್ಕಿವೆ,
ಸ್ವಲ್ಪ ಹೊತ್ತು ಹಿಡಿಯುತ್ತದೆ.